ಅಟ್ಟದ ರೇಡಿಯೊ ಮತ್ತೆ ನುಡಿಯಬೇಕಾದರೆ

ಬೆಂಗಳೂರಿನ ಗಿರಿನಗರದ ಹಳೆಯ ಮನೆಯೊಂದರ ಅಟ್ಟದಲ್ಲಿ ಅಜ್ಜನ ಕಾಲದ ವಾಲ್ವ್ ರೇಡಿಯೊ ಸಿಕ್ಕಿತೆನ್ನಿ. ಕುತೂಹಲ ತಡೆಯಲಾರದೆ ಅದಕ್ಕೆ ನೇರವಾಗಿ ವಿದ್ಯುತ್ ಸಂಪರ್ಕ ಕೊಡಬೇಡಿ! ಸಂಗ್ರಹಾಲಯಗಳಲ್ಲಿ ಇಂಥ ಪೆಟ್ಟಿಗೆಗಳು ಹಾಡುವುದನ್ನು ನೀವು ಕೇಳಿರಬಹುದು. ಆ ದನಿಯ ಹಿಂದೆ ಬಹಳ ಎಚ್ಚರಿಕೆಯ ಕೆಲಸವಿರುತ್ತದೆ.

ವಾಲ್ವ್ ಎಂದರೆ ಗಾಳಿ ತೆಗೆದು ಮುಚ್ಚಿದ ಗಾಜಿನ ನಳಿಕೆ. ಒಳಗಿನ ತಂತು ಕಾದಾಗ ಕ್ಯಾಥೋಡ್ ಎಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ಧನ ವಿದ್ಯುದಾವೇಶದ ಆನೋಡ್ ಅವುಗಳನ್ನು ಸೆಳೆಯುತ್ತದೆ. ನಡುವಿನ ಗ್ರಿಡ್‌ಗೆ ಬರುವ ದುರ್ಬಲ ಸಂಕೇತವು ನಲ್ಲಿಯ ತಿರುಪಿನಂತೆ ಈ ಹರಿವನ್ನು ಹೆಚ್ಚುಕಡಿಮೆ ಮಾಡುತ್ತದೆ. ಹೀಗೆ ಸಂಕೇತ ವರ್ಧನೆಗೊಳ್ಳುತ್ತದೆ. ಕ್ಯಾಥೋಡ್ ಕಾಯುವವರೆಗೆ ದನಿ ಬರದು. ಸ್ವಿಚ್ ಹಾಕಿದ ಮೇಲೆ ತುಸು ಹೊತ್ತು ಕಾಯಬೇಕಾಗುತ್ತಿದ್ದುದು ಇದಕ್ಕೇ. 1947ರಲ್ಲಿ ಆವಿಷ್ಕಾರವಾದ ಟ್ರಾನ್ಸಿಸ್ಟರಿಗೆ ಕಾಯುವ ತಂತು ಬೇಕಿಲ್ಲ. ಆದರೆ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಆರಂಭಿಸಿದಾಗ ಇದ್ದುದು ವಾಲ್ವ್‌ಗಳ ಯುಗ. ಆ ನಿಲಯ 1955ರಲ್ಲಿ ಬೆಂಗಳೂರಿಗೆ ಬಂದಿತು.

ಹಳೆಯ ರೇಡಿಯೊದ ಮಾಪಕವನ್ನೂ ಗಮನಿಸಿ. ಹಲವು ರೇಡಿಯೊಗಳಲ್ಲಿ ಅಂಕಿಗಳು ಮೀಟರಿನಲ್ಲಿವೆ. 3,00,000ವನ್ನು ಕಿಲೊಹರ್ಟ್ಸ್‌ನಿಂದ ಭಾಗಿಸಿದರೆ ತರಂಗಾಂತರ ಮೀಟರಿನಲ್ಲಿ ಸಿಗುತ್ತದೆ. ಬೆಂಗಳೂರು ಕೇಳುಗರಿಗೆ ದಶಕಗಳಿಂದ ಪರಿಚಿತವಾದ 612 ಕಿಲೊಹರ್ಟ್ಸ್ ಎಂದರೆ ಸುಮಾರು 490 ಮೀಟರ್.

ಹಾಗಾದರೆ ಅಪಾಯ ಎಲ್ಲಿದೆ? ವಾಲ್ವ್‌ಗಿಂತ ಹೆಚ್ಚಾಗಿ ಧಾರಕಗಳಲ್ಲಿ, ಅಂದರೆ ಕೆಪಾಸಿಟರುಗಳಲ್ಲಿ. ಮೇಣ ಸವರಿದ ಕಾಗದದ ಧಾರಕಗಳು ತೇವ ಹೀರಿ ಸೋರತೊಡಗುತ್ತವೆ. ವಿದ್ಯುದ್ವಿಚ್ಛೇದ್ಯ ಧಾರಕಗಳು ಒಳಗೇ ಒಣಗುತ್ತವೆ. ಒಮ್ಮೆಲೇ ಪೂರ್ಣ ವೋಲ್ಟೇಜ್ ಕೊಟ್ಟರೆ ಅವು ಮಂಡಲಹ್ರಸ್ವವಾಗಿ ಟ್ರಾನ್ಸ್‌ಫಾರ್ಮರ್ ಸುಡಬಹುದು. ಅಂಥದೇ ಇನ್ನೊಂದು ಸಿಗುವುದು ಕಷ್ಟ.

ಬಲ್ಲವರು ಮೊದಲು ಬಿರುಕುಬಿಟ್ಟ ತಂತಿ, ಸೋರುವ ಧಾರಕಗಳನ್ನು ಬದಲಿಸುತ್ತಾರೆ. ಬಳಿಕ ತಂತುವಿನ ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಿ ವಿದ್ಯುತ್ ಕೊಡುತ್ತಾರೆ. ದೋಷವಿದ್ದರೆ ಬಲ್ಬು ಪ್ರಖರವಾಗಿ ಉರಿದು ಹೆಚ್ಚಿನ ವೋಲ್ಟೇಜನ್ನು ತಾನೇ ಹೊರುತ್ತದೆ, ರೇಡಿಯೊ ಉಳಿಯುತ್ತದೆ. ಪ್ಲಗ್ ಕಿತ್ತ ಮೇಲೂ ಧಾರಕಗಳಲ್ಲಿ ಅಪಾಯಕಾರಿ ಆವೇಶ ಉಳಿದಿರಬಹುದು. ಹೀಗಾಗಿ ಇದು ಅನುಭವವಿಲ್ಲದವರ ಕೆಲಸವಲ್ಲ.

ಸಂಗ್ರಹಾಲಯದ ಕೆಲಸ ಇಲ್ಲಿಗೆ ಮುಗಿಯದು. ಹೊಸ ಧಾರಕವನ್ನು ಹಳೆಯದರ ಕವಚದೊಳಗೆ ಅಡಗಿಸುವುದುಂಟು. ಏನೇನು ಬದಲಾಯಿತೆಂದು ಬರೆದಿಡಬೇಕು. ದನಿ ಬಂದರಷ್ಟೇ ಸಾಲದು, ಅಂದಿನವರು ಅದನ್ನು ಹೇಗೆ ಕಟ್ಟಿದ್ದರೆಂಬ ಸಾಕ್ಷ್ಯವೂ ಉಳಿಯಬೇಕು.

ಆದ್ದರಿಂದ ಅಟ್ಟದ ರೇಡಿಯೊವನ್ನು ಗುಜರಿಗೆ ಹಾಕುವ ಮುನ್ನ ಅದರ ಹಿಂಬದಿಯ ಚೀಟಿಯನ್ನು ಓದಿ. ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿದ ಹಳೆಯ ಲೈಸೆನ್ಸ್ ಪುಸ್ತಕ ಮನೆಯಲ್ಲಿದ್ದರೆ ಜೊತೆಗಿಡಿ. ಯಾರು, ಎಲ್ಲಿ, ಯಾವಾಗ ಕೊಂಡರೆಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಸುಟ್ಟ ಧಾರಕವನ್ನು ಬದಲಿಸಬಹುದು, ಮರೆತುಹೋದ ಈ ವಿವರಗಳನ್ನಲ್ಲ.