ಹೆಸರು ಕಾಯುತ್ತಿರುವ ಕಣಜಗಳು

ರಾಗಿ ಹೊಲದ ಅಕ್ಕಡಿ ಸಾಲಿಗೆ ಹರಳು ಹಾಕುವವರು ಇದನ್ನು ನೋಡಿರುತ್ತೀರಿ. ಬೆನ್ನು ಗೂನು ಮಾಡಿ ನಡೆಯೋ ಹುಳ ಎಲೆ ತಿನ್ನದೆ ಮಂಕಾಗಿ ಕೂತಿರುತ್ತದೆ. ಅದರ ಹೊಟ್ಟೆಯ ಹಿಂಭಾಗಕ್ಕೆ ಒಂದು ಪುಟ್ಟ ಗೂಡು ಅಂಟಿರುತ್ತದೆ. ಹುಳದ ಮೊಟ್ಟೆ ಅಂತ ತಿಳಿದು ಎಷ್ಟೋ ವರ್ಷ ಅದನ್ನು ಹೊಸಕಿ ಹಾಕಿದವನು ನಾನು. ಅದು ಕಣಜದ ಗೂಡು. (ರಾಗಿ ತುಂಬೋ ಕಣಜ ಅಲ್ಲ, ಕಡಜದ ಜಾತಿಯ ಹುಳ.) ತಾಯಿ ಕಣಜ ಹುಳದ ಮೈಯೊಳಗೆ ಮೊಟ್ಟೆ ಚುಚ್ಚುತ್ತದೆ. ಮರಿ ಒಳಗಿಂದಲೇ ತಿಂದು, ಹೊರಬಂದು ಗೂಡು ಕಟ್ಟುತ್ತದೆ.

ಇಂಥ ಕಣಜಗಳಲ್ಲಿ ಹೆಸರೇ ಇಲ್ಲದವು ಇನ್ನೂ ಎಷ್ಟೋ ಇವೆ. ಪಶ್ಚಿಮ ಘಟ್ಟದ ಕಾಡಿನಿಂದ ಹಿಡಿದು ತಂದು ವಿಜ್ಞಾನಿಗಳು ಈಗಲೂ ಹೊಸ ಜಾತಿಗಳನ್ನು ಹೆಸರಿಸುತ್ತಿದ್ದಾರೆ. ಹಿಡಿಯೋ ಉಪಾಯ ಸುಲಭ: ಹಳದಿ ತಟ್ಟೆಯಲ್ಲಿ ಸೋಪಿನ ನೀರು, ಇಲ್ಲವೇ ಡೇರೆಯಂಥ ಬಲೆ. ಬಿದ್ದದ್ದನ್ನು ಸ್ಪಿರಿಟ್‌ನಲ್ಲಿಟ್ಟು, ಆಮೇಲೆ ರಟ್ಟಿನ ಚೂರಿಗೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೀಸೆಗೆ ಎಷ್ಟು ಗೆಣ್ಣು, ರೆಕ್ಕೆಯ ನರ ಎಲ್ಲಿ ಕವಲಾಗಿದೆ, ಮೊಟ್ಟೆ ಇಡುವ ಸೂಜಿ ಎಷ್ಟುದ್ದ, ಎಲ್ಲ ಬರೆದು ಹಿಂದೆ ಹೆಸರಾದವುಗಳ ಜೊತೆ ಹೋಲಿಸುತ್ತಾರೆ. ಈಚೆಗೆ ಡಿಎನ್‌ಎ ಕೂಡ ನೋಡುತ್ತಾರೆ. ಯಾವುದಕ್ಕೂ ಹೊಂದದಿದ್ದರೆ ಹೊಸ ಜಾತಿ. ಆಗ ಒಂದು ಹುಳವನ್ನು ಮೂಲ ಮಾದರಿ ಅಂತ ಸಂಗ್ರಹಾಲಯದಲ್ಲಿ ಇಡುತ್ತಾರೆ. ಮುಂದೆ ತಕರಾರು ಬಂದರೆ ಅದನ್ನೇ ತೆಗೆದು ನೋಡಬೇಕು, ಹೊಲದ ಸರ್ವೆ ಕಲ್ಲು ಇದ್ದ ಹಾಗೆ. ಹೆಸರಿಗೆ ಎರಡು ಪದ, ಮೊದಲು ಕುಲ, ಆಮೇಲೆ ಜಾತಿ. ಕುಲ ಬದಲಾಗುವುದೂ ಉಂಟು. ನಮ್ಮ ಹರಳಿನ ಕಣಜ ಹಳೇ ಪುಸ್ತಕದಲ್ಲಿ ಮೈಕ್ರೊಪ್ಲೈಟಿಸ್, ಈಗ ಸ್ನೆಲ್ಲೀನಿಯಸ್. ಖಾತೆ ಬದಲಾಯಿತು, ಜಮೀನು ಅದೇ.

ಇದರಿಂದ ನಮಗೇನು ಅಂತೀರಾ? ಮೈಸೂರು ಸೀಮೆಯ ರೇಷ್ಮೆಯವರನ್ನು ಕೇಳಿ. ಮೆಕ್ಸಿಕೊ ಕಡೆಯ ಪರಂಗಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡು, ಮುಂದೆ ಇಲ್ಲಿನ ಹಿಪ್ಪುನೇರಳೆಗೂ ಹತ್ತಿತು. ವಿಷ ಹೊಡೆದರೆ ಸೊಪ್ಪು ತಿಂದ ರೇಷ್ಮೆ ಹುಳವೂ ಸಾಯುತ್ತದೆ. ಈ ತಿಗಣೆಯನ್ನು ತಿನ್ನುವ, ಒಂದು ಮಿಲಿಮೀಟರಿಗೂ ಚಿಕ್ಕದಾದ ಕಣಜಕ್ಕೆ ನೋಯ್ಸ್ ಮತ್ತು ಶಾಫ್ ಎಂಬಿಬ್ಬರು 2003ರಲ್ಲೇ ಅಸೆರೊಫೇಗಸ್ ಪಪಾಯೆ ಅಂತ ಹೆಸರಿಟ್ಟು ವಿವರ ಬರೆದಿದ್ದರು. ಹಾಗಾಗಿ ಯಾವುದನ್ನು ತರಿಸಬೇಕೆಂದು ಹುಡುಕಾಡಬೇಕಾಗಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿ, ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿ ಬಿಟ್ಟರು. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯೂ ಬೆಳೆಸಿ ಹಂಚಿತು. ತಿಗಣೆ ಇಳಿಯಿತು.

ಆದರೆ ತಟ್ಟೆಗೆ ಬಿದ್ದ ಕಣಜಕ್ಕೆ ಹೆಸರು ಸಿಕ್ಕರೂ ಅದು ಯಾವ ಹುಳ ತಿನ್ನುತ್ತದೆ ಅಂತ ತಿಳಿಯದು. ಅದಕ್ಕೆ ಹುಳವನ್ನೇ ಸಾಕಿ ನೋಡಬೇಕು. ಈ ಕೆಲಸ ನಮ್ಮಿಂದಲೂ ಆಗುತ್ತೆ. ನಾನೀಗ ಮಂಕಾದ ಹುಳ ಕಂಡರೆ ಎಲೆ ಸಮೇತ ಬಾಟ್ಲಿಗೆ ಹಾಕಿ, ತೆಳು ಬಟ್ಟೆ ಕಟ್ಟಿ ನೆರಳಲ್ಲಿ ಇಡುತ್ತೇನೆ. ಹೊರಬಂದ ಕಣಜವನ್ನು ಸ್ಪಿರಿಟ್‌ಗೆ ಹಾಕಿ, ಬೆಳೆ, ಹುಳ, ಊರು, ತಾರೀಕು ಬರೆದ ಚೀಟಿಯನ್ನೂ ಅದರಲ್ಲೇ ಹಾಕುತ್ತೇನೆ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಸ್ಪಿರಿಟ್‌ಗೆ ಕರಗಿ ಹೋಗುತ್ತದೆ.