ಸಂಗೀತ ನಾಟಕ ತೆರೆಗೆ ಬರುವಾಗ ಹಾಡುವವರು ಯಾರು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಹಿನ್ನೆಲೆ ಗಾಯನ ಹೊಸದಲ್ಲ. ಪದ್ಯ ಭಾಗವತರದು; ಕುಣಿತ, ಅರ್ಥ ವೇಷಧಾರಿಯದು. ಹಾಸ್ಯಗಾರ ತಾನೇ ಹಾಡಲಿಲ್ಲವೆಂದು ಯಾರೂ ದೂರುವುದಿಲ್ಲ, ಭಾಗವತರು ಕಣ್ಣೆದುರೇ ಕೂತಿರುತ್ತಾರಲ್ಲ! ಸಿನಿಮಾದಲ್ಲಿ ಮಾತ್ರ ಅವರನ್ನು ಮರೆಮಾಡಿ, ಹಾಡನ್ನು ನಟನ ತುಟಿಗೇ ಕೂರಿಸಬೇಕು.

ಕಂಪನಿ ನಾಟಕಗಳಲ್ಲಿ 'ಸದಾರಮೆ'ಯನ್ನೇ ತೆಗೆದುಕೊಳ್ಳಿ. ಕಳ್ಳನ ಪಾತ್ರದಲ್ಲಿ ಗುಬ್ಬಿ ವೀರಣ್ಣ ಊರೂರು ನಗಿಸಿದ ನಾಟಕ 1935ರಲ್ಲಿ ಸಿನಿಮಾ ಆಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಬಂದು ಆಗಿನ್ನೂ ಒಂದು ವರ್ಷ. ನಟರೇ ಕ್ಯಾಮೆರಾ ಮುಂದೆ ಹಾಡುತ್ತಿದ್ದ ಕಾಲ. ಅದೇ 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ 'ಭಾಗ್ಯಚಕ್ರ'ದ ಮೂಲಕ ಹಿನ್ನೆಲೆ ಗಾಯನವನ್ನು ತಂದಿತು.

ಇಂಥ ನಾಟಕವನ್ನು ಇವತ್ತು ಚಿತ್ರೀಕರಿಸುವವರು ಮೊದಲು ಹಾಡಿಗೆ ಕತ್ತರಿ ಹಾಕಬೇಕು. 'ಒನ್ಸ್ ಮೋರ್'ಗಾಗಿ ಬೆಳೆದ ಆಲಾಪ ರಂಗದ ಮೇಲೆ ಚೆಂದ. ಕ್ಲೋಸಪ್ಪಿನಲ್ಲಿ ನಗೆಯ ಓಟವನ್ನೇ ನಿಲ್ಲಿಸುತ್ತದೆ. ಆಮೇಲೆ ಟ್ರ್ಯಾಕ್ ಮುದ್ರಣ. ಮಳೆಗಾಲದ ಮಲೆನಾಡಿನಲ್ಲಿ ತಗಡಿನ ಮಾಡಿನಡಿ ನೇರವಾಗಿ ಹಾಡು ಹಿಡಿಯುವುದು ಆಗದ ಮಾತು, ಹಾಗಾಗಿ ಮೊದಲೇ ಹಾಡಿಸಿಟ್ಟರೆ ಒಳ್ಳೆಯದು.

ಚಿತ್ರೀಕರಣದ ದಿನ ಆ ಟ್ರ್ಯಾಕ್ ಕೇಳಿಸುವ ಸ್ಪೀಕರ್ ಎಲ್ಲಿಡುತ್ತೀರಿ ಅನ್ನುವುದು ದೊಡ್ಡ ವಿಷಯ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಅಂಗಳದ ಆ ತುದಿಯಲ್ಲಿ, 28 ಮೀಟರ್ ದೂರ ಸ್ಪೀಕರ್ ಇಟ್ಟರೆ ನಟನ ತುಟಿ ಎರಡು ಫ್ರೇಮ್ ಹಿಂದೆ ಬೀಳುತ್ತದೆ. ನೋಡುವವರಿಗೆ ಕಾರಣ ತಿಳಿಯದಿದ್ದರೂ ಏನೋ ತಪ್ಪಿದೆ ಅನ್ನಿಸುತ್ತದೆ. ಸ್ಪೀಕರ್ ನಟನ ಕಾಲ ಬಳಿಯೇ ಇರಲಿ. ನಟನೂ ಬರೀ ತುಟಿ ಆಡಿಸದೆ ಗಂಟಲು ಬಿಟ್ಟು ಹಾಡಲಿ. ಕತ್ತಿನ ನರ, ಹೊಟ್ಟೆಯ ಉಸಿರು ಸುಳ್ಳು ಹೇಳುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಕಂಠದ ಆಯ್ಕೆ. ಇಂಪಾದ ಕಂಠ ಹುಡುಕುವುದೇ ತಪ್ಪು. ನಟನ ಮಾತಿಗೆ ಹೊಂದುವ ಕಂಠ ಬೇಕು. ರಾಜಕುಮಾರ್ ಮಾತು ಮುಗಿಸಿದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡು ಎತ್ತಿಕೊಂಡರೆ ಹೊಲಿಗೆ ಕಾಣುತ್ತಿರಲಿಲ್ಲ. 1974ರಲ್ಲಿ ಧುತ್ತರಗಿಯವರ ನಾಟಕ 'ಸಂಪತ್ತಿಗೆ ಸವಾಲ್' ಸಿನಿಮಾ ಆದಾಗ ಎಮ್ಮೆಯ ಮೇಲೆ ಕೂತು ಹಾಡುವ ಹಾಡನ್ನು ರಾಜಕುಮಾರ್ ತಾವೇ ಹಾಡಿದರು. ಮಾತಿನಲ್ಲಿದ್ದ ತುಂಟತನ ಹಾಡಿನಲ್ಲೂ ಹಾಗೇ ಉಳಿಯಿತು. ಲಂಡನ್ನಿನ ಪೊವೆಲ್-ಪ್ರೆಸ್‌ಬರ್ಗರ್ ಜೋಡಿ ಸ್ಟ್ರಾಸ್‌ನ ಹಾಸ್ಯ ಗೀತನಾಟಕವನ್ನು 1955ರಲ್ಲಿ 'ಓ ರೊಸಲಿಂಡಾ' ಮಾಡಿದಾಗಲೂ ಆಂಟನ್ ವಾಲ್‌ಬ್ರುಕ್‌ಗೆ ವಾಲ್ಟರ್ ಬೆರಿ ಕಂಠ ಕೊಟ್ಟರು, ಮೈಕಲ್ ರೆಡ್‌ಗ್ರೇವ್ ಸ್ವತಃ ಹಾಡಿದರು.

ಗಾಯಕರನ್ನು ನಟನ ಎದುರು ಕೂರಿಸಿ, ಹಾಡಿಗೆ ಮುಂಚಿನ ಸಂಭಾಷಣೆಯನ್ನು ಅವರಿಗೆ ಕೇಳಿಸಿ. ಆಮೇಲೆ ಆ ಮಾತು, ಈ ಹಾಡು ಎರಡನ್ನೂ ಜೋಡಿಸಿ ಕಣ್ಣು ಮುಚ್ಚಿ ಕೇಳಿ. ಬೇರೆ ಯಾರೋ ಬಂದು ಹಾಡಿದಂತೆ ಅನ್ನಿಸಿದರೆ ಟ್ರ್ಯಾಕ್ ಮತ್ತೆ ಹಾಡಿಸಿ. ಅಲ್ಲಿಯವರೆಗೆ ಕ್ಯಾಮೆರಾ ಹೊರಗೆ ತೆಗೆಯಬೇಡಿ.