ಮೀನು ಸಾಕುವ ಹೊಂಡದಲ್ಲಿ ಈಜಬಹುದೇ? ಸದಸ್ಯರು ಅರಿತಿರಬೇಕಾದ ಸಂಗತಿಗಳು



ಕೃಷಿ ಭಾಗ್ಯ ಯೋಜನೆಯು 2014ರಲ್ಲಿ ಆರಂಭಗೊಂಡ ತರುವಾಯ ರಾಜ್ಯದ ಮಳೆಯಾಶ್ರಿತ ಗ್ರಾಮಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿವೆ. ಉದ್ಯೋಗ ಖಾತರಿ ಯೋಜನೆಯಡಿಯೂ ಹೊಲ, ತೋಟ, ಮನೆಯ ಹಿತ್ತಲುಗಳಲ್ಲಿ ಹೊಂಡಗಳು ನಿರ್ಮಾಣವಾಗಿವೆ. ಬೆಳೆಗೆಂದು ತೋಡಿದ ಹೊಂಡದಲ್ಲಿ ಮೀನು ಸಾಕಿ ಉಪ ಆದಾಯ ಪಡೆಯುವುದು ಸ್ವಾಗತಾರ್ಹ. ಆದರೆ ಬೇಸಿಗೆ ರಜೆಯಲ್ಲಿ ಅದೇ ಹೊಂಡ ಮಕ್ಕಳ ಈಜುಕೊಳವೂ ಆಗುತ್ತದೆ. ಮೀನೂ ಇರಲಿ, ಮಕ್ಕಳೂ ಈಜಲಿ ಎಂಬ ಅಪೇಕ್ಷೆ ಸಹಜವಾದರೂ, ಮೀನಿಗೆ ಹಿತವಾದ ನೀರು ಈಜುವವರಿಗೆ ಅಪಾಯಕಾರಿ. ಇದರ ಕಾರಣಗಳನ್ನೂ ಪಂಚಾಯತಿಯು ಕೈಗೊಳ್ಳಬಹುದಾದ ಕ್ರಮಗಳನ್ನೂ ಇಲ್ಲಿ ವಿವರಿಸಲಾಗಿದೆ.

ಮೀನು ಬಯಸುವ ನೀರು

ಸಾಮಾನ್ಯವಾಗಿ ಬಿತ್ತನೆ ಮಾಡುವ ಮೀನುಗಳಲ್ಲಿ ಕಾಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ಮಧ್ಯದಲ್ಲಿ, ಮೃಗಾಲ್ ತಳದಲ್ಲಿ ಆಹಾರ ಹುಡುಕುತ್ತವೆ. ಅವುಗಳ ಸಹಜ ಆಹಾರವಾದ ಸೂಕ್ಷ್ಮ ಜೀವಿಗಳು ಬೆಳೆಯಲೆಂದು ರೈತರು ನೀರಿಗೆ ಸಗಣಿ ಗೊಬ್ಬರ ಹಾಕುತ್ತಾರೆ. ನೀರು ಹಸಿರು ಬಣ್ಣಕ್ಕೆ ತಿರುಗಿ, ಮೊಣಕೈವರೆಗೆ ಮುಳುಗಿಸಿದ ಕೈಯ ಅಂಗೈ ಮಸುಕಾದರೆ ಆಹಾರ ಸಾಕಷ್ಟಿದೆ ಎಂದರ್ಥ.

ಈ ಹಸಿರು ನೀರಿನಲ್ಲಿ ದೃಷ್ಟಿ ಹರಿಯುವುದು ಸುಮಾರು 30ರಿಂದ 40 ಸೆಂ.ಮೀ. ಮಾತ್ರ. ಒಂದು ಮೀಟರ್ ಆಳಕ್ಕೆ ಮುಳುಗಿದ ಮಗು ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ಮುಳುಗಿದವರನ್ನು ಉಳಿಸಲು ದೊರೆಯುವುದು ಕೆಲವೇ ನಿಮಿಷಗಳು. ಅವು ಹುಡುಕಾಟದಲ್ಲೇ ಕಳೆದುಹೋಗುತ್ತವೆ. ಸಗಣಿ ಬೆರೆತ ನೀರನ್ನು ಕುಡಿದರೆ ವಾಂತಿ ಭೇದಿ ತಗಲಬಹುದು. ಇಲಿಗಳ ಮೂತ್ರ ಸೇರಿದ ನೀರು ಗಾಯಗಳಿಗೆ ತಾಗಿದರೆ ಇಲಿ ಜ್ವರ ಬರುವ ಸಂಭವವಿದೆ.

ಮೀನಿಗೂ ಹಾನಿಯಿದೆ. ಸೋಪು ಮತ್ತು ಬಟ್ಟೆ ಪುಡಿಯ ಅಂಶ ಮೀನಿನ ಕಿವಿರುಗಳನ್ನು ಕೆಡಿಸುತ್ತದೆ. ತಳದ ಕೆಸರು ಕದಡಿದಾಗ ನೀರಿನಲ್ಲಿನ ಆಮ್ಲಜನಕ ಕುಗ್ಗುತ್ತದೆ. ಮುಂಜಾನೆ ಆಮ್ಲಜನಕ ಅತ್ಯಂತ ಕಡಿಮೆಯಿರುವುದರಿಂದ ಆ ವೇಳೆಯ ಈಜಾಟ ಮೀನಿಗೆ ಮತ್ತಷ್ಟು ಕಷ್ಟಕರ.

ಹೊಂಡದ ರಚನೆಯಲ್ಲಿರುವ ಅಪಾಯ

ನಮ್ಮ ಹಿರಿಯರು ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ಕಲ್ಯಾಣಿ, ಬಾವಿಗಳಿಗೆ ಮೆಟ್ಟಿಲುಗಳಿದ್ದವು. ಕೃಷಿ ಹೊಂಡಕ್ಕೆ ಸಾಮಾನ್ಯವಾಗಿ ಅವು ಇರುವುದಿಲ್ಲ. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡವನ್ನು 1:1 ಇಳಿಜಾರಿನಲ್ಲಿ ತೋಡಿದ್ದರೆ, ತುಂಬಿದ ಹೊಂಡದ ಅಂಚಿನಿಂದ ಒಂದು ಮೀಟರ್ ಒಳಸರಿದ ಮಗು ಒಂದು ಮೀಟರ್ ಆಳದಲ್ಲಿರುತ್ತದೆ. ಎರಡು ಮೀಟರ್ ಸರಿದರೆ ವಯಸ್ಕರೂ ಮುಳುಗುವ ಆಳ. ಇಳಿಜಾರಿಗೆ ಹೊದಿಸಿದ ಪಾಲಿಥಿನ್ ಹಾಳೆ ಪಾಚಿ ಹಿಡಿದಾಗ ಕಾಲಿಗೂ ಕೈಗೂ ಹಿಡಿತ ಸಿಗದು. ಈಜು ಬಲ್ಲವರು ಸಹ ದಡ ಮುಟ್ಟಿಯೂ ಮೇಲೇರಲಾಗದೆ ದಣಿದು ಮುಳುಗುವುದು ಇದರಿಂದಲೇ. ಆದ್ದರಿಂದ ಪಾಲಿಥಿನ್ ಹೊದಿಸಿದ ಹೊಂಡದಲ್ಲಿ ಮೀನು ಇರಲಿ, ಇಲ್ಲದಿರಲಿ, ಈಜಲು ಅವಕಾಶ ನೀಡತಕ್ಕದ್ದಲ್ಲ.

ಎರಡೂ ಬೇಕೆನ್ನುವವರಿಗೆ

ಪಾಲಿಥಿನ್ ಇಲ್ಲದ, ಮೆಟ್ಟಿಲು ಅಥವಾ ಮಂದ ಇಳಿಜಾರುಳ್ಳ ಹೊಂಡದಲ್ಲಿ ಕೆಲವು ಷರತ್ತುಗಳೊಡನೆ ಎರಡನ್ನೂ ಹೊಂದಿಸಬಹುದು. ನೀರಿಗೆ ಸಗಣಿ ಹಾಕಬಾರದು. ಹೆಕ್ಟೇರಿಗೆ 5,000 ಮರಿಗಳೆಂದು ಲೆಕ್ಕ ಹಾಕಿದರೆ ಮೇಲೆ ಹೇಳಿದ ವಿಸ್ತೀರ್ಣಕ್ಕೆ ಸುಮಾರು 220 ಮರಿಗಳಾಗುತ್ತವೆ. ಗೊಬ್ಬರವಿಲ್ಲದ ನೀರಿನಲ್ಲಿ ಅದಕ್ಕಿಂತ ಕಡಿಮೆ ಬಿಡಬೇಕು. ಸೊಳ್ಳೆ ಮರಿಗಳ ನಿಯಂತ್ರಣವಷ್ಟೇ ಉದ್ದೇಶವಾದರೆ ಗಪ್ಪಿ ಮೀನು ಸಾಕು. ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಲೇಬಾರದು.

ಈಜುವ ಭಾಗದ ತಳದಲ್ಲಿ ಬಿಳಿ ತಟ್ಟೆಯೊಂದನ್ನಿಟ್ಟು ದಡದಿಂದ ನೋಡಬೇಕು. ಅದು ಕಾಣದ ದಿನ ಯಾರೂ ನೀರಿಗಿಳಿಯಬಾರದು. ಆಳವಿಲ್ಲದ ಭಾಗವನ್ನು ಹಗ್ಗ ಕಟ್ಟಿ ಬೇರ್ಪಡಿಸಬೇಕು. ಬಲೆಗಳನ್ನು ತೆಗೆದಿರಬೇಕು, ಪಂಪಿನ ವಿದ್ಯುತ್ ಸಂಪರ್ಕ ಕಡಿತಗೊಳಿಸಿರಬೇಕು. ಔಷಧಿ ಸಿಂಪಡಿಸುವ ಡಬ್ಬಿಯನ್ನು ಹೊಂಡದಲ್ಲಿ ತೊಳೆಯಕೂಡದು. ಈಜು ಬಲ್ಲ ವಯಸ್ಕರೊಬ್ಬರು ದಡದಲ್ಲಿರದೆ ಮಕ್ಕಳನ್ನು ಇಳಿಸಕೂಡದು.

ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

1. ಬೇಸಿಗೆ ರಜೆಗೆ ಮುನ್ನ ಪ್ರತಿ ಸದಸ್ಯರು ತಮ್ಮ ವಾರ್ಡಿನ ಹೊಂಡಗಳನ್ನು ಖುದ್ದಾಗಿ ನೋಡಿ, ಬೇಲಿ ಇರುವ ಮತ್ತು ಇಲ್ಲದ ಹೊಂಡಗಳ ಪಟ್ಟಿ ಸಿದ್ಧಪಡಿಸುವುದು. ಮನೆ, ಶಾಲೆ, ಅಂಗನವಾಡಿಗಳ ಸಮೀಪದ ಹೊಂಡಗಳಿಗೆ ಆದ್ಯತೆ ನೀಡುವುದು.

2. ಬೇಲಿ ಹಾಕಿಸುವಂತೆ ಮಾಲೀಕರ ಮನವೊಲಿಸುವುದು. ಹೊಂಡದ ನಾಲ್ಕೂ ಬದಿಗಳಲ್ಲಿ ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಡಿಸುವುದು. ಗಾಳಿ ತುಂಬಿದ ಹಳೆಯ ಟ್ಯೂಬು ಹಾಗೂ ಉದ್ದನೆಯ ಬಿದಿರು ದಡದಲ್ಲಿ ಸದಾ ಇರಬೇಕು. ಇವುಗಳಿಗೆ ತಗಲುವ ವೆಚ್ಚ ಅತ್ಯಲ್ಪ.

3. ಹೊಲದ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಮಕ್ಕಳು ಕೂಸಿನ ಮನೆ ಅಥವಾ ಅಂಗನವಾಡಿಯಲ್ಲಿರುವಂತೆ ನೋಡಿಕೊಳ್ಳುವುದು.

4. ಮಕ್ಕಳ ಗ್ರಾಮ ಸಭೆಯಲ್ಲಿ ಹಾಗೂ ಅರಿವು ಕೇಂದ್ರದ ಬೇಸಿಗೆ ಶಿಬಿರದಲ್ಲಿ ಈ ವಿಷಯ ತಿಳಿಸುವುದು. ಮುಳುಗುತ್ತಿರುವವರ ಬಳಿಗೆ ಮಕ್ಕಳು ಜಿಗಿಯಬಾರದು. ಹಗ್ಗ ಅಥವಾ ಟ್ಯೂಬು ಎಸೆದು, ಕೂಗಿ ಹಿರಿಯರನ್ನು ಕರೆಯಬೇಕು. ಒಬ್ಬರನ್ನು ಉಳಿಸಲು ಹೋಗಿ ಇನ್ನಿಬ್ಬರು ಮುಳುಗುವುದನ್ನು ಇದು ತಪ್ಪಿಸುತ್ತದೆ.

5. ಪ್ರಾಥಮಿಕ ಆರೋಗ್ಯ ಕೇಂದ್ರದ ನೆರವಿನಿಂದ ಪ್ರತಿ ಗ್ರಾಮದ ಕೆಲವರಿಗೆ ಕೃತಕ ಉಸಿರಾಟ ಮತ್ತು ಎದೆ ಒತ್ತುವ ವಿಧಾನದ ತರಬೇತಿ ಕೊಡಿಸುವುದು. ನೀರಿನಿಂದ ತೆಗೆದವರನ್ನು ತಲೆಕೆಳಗೆ ಮಾಡುವುದು, ಹೊಟ್ಟೆ ಅದುಮುವುದು ಸಲ್ಲದು. ಉಸಿರಾಟ ನಿಂತಿದ್ದರೆ ಕೂಡಲೇ ಕೃತಕ ಉಸಿರಾಟ ಆರಂಭಿಸಿ, 112 ಅಥವಾ 108ಕ್ಕೆ ಕರೆ ಮಾಡಬೇಕು.

ವಿಶ್ವಸಂಸ್ಥೆಯು 2021ರಲ್ಲಿ ಜುಲೈ 25ನ್ನು ಮುಳುಗುವಿಕೆ ತಡೆ ದಿನವೆಂದು ಘೋಷಿಸಿದೆ. ನಮ್ಮಲ್ಲಿ ಮುಂಗಾರಿನ ನೀರು ಹೊಂಡಗಳಿಗೆ ಸೇರುವ ಕಾಲವೂ ಅದೇ. ಬೇಸಿಗೆಗೆ ಮುನ್ನ ಸಿದ್ಧಪಡಿಸಿದ ಪಟ್ಟಿಯನ್ನು ಆ ವೇಳೆಗೆ ಸಾಮಾನ್ಯ ಸಭೆಯಲ್ಲಿ ಮತ್ತೊಮ್ಮೆ ಪರಿಶೀಲಿಸಿ, ಬೇಲಿಯೂ ಹಗ್ಗವೂ ಇಲ್ಲದ ಹೊಂಡ ಯಾವ ವಾರ್ಡಿನಲ್ಲಿಯೂ ಉಳಿಯದಂತೆ ಕ್ರಮ ವಹಿಸಬೇಕೆಂದು ಕೋರಲಾಗಿದೆ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ